ತಾಯಿಯ ಆಶೀರ್ವಾದ

ನಮ್ಮ ಕಡೆ ಲಾರಿಯ ಹಣೆ ಮೇಲೆ ‘ತಾಯಿಯ ಆಶೀರ್ವಾದ’ ಅಂತ ಬರೆಸುತ್ತಾರೆ. ಓದಿದವರಿಗೆ ಖುಷಿ. ಹುಡುಗ ಹೆತ್ತವಳನ್ನು ಮರೆತಿಲ್ಲ ಅಂತ.

ಅಮೆರಿಕದ ಕರ್ನಲ್ ಪಾಲ್ ಟಿಬೆಟ್ಸ್ ಕೂಡ ಮರೆಯಲಿಲ್ಲ. 1945ರ ಆಗಸ್ಟ್ 5ರಂದು ತಮ್ಮ ಬಿ-29 ಬಾಂಬರ್ ವಿಮಾನದ ಮೂತಿಯ ಪಕ್ಕದಲ್ಲಿ ತಾಯಿಯ ಹೆಸರು ಬರೆಸಿದರು: ಎನೋಲಾ ಗೇ. ವಿಮಾನದ ಹೊಟ್ಟೆಯಲ್ಲಿದ್ದ ಬಾಂಬಿನ ಹೆಸರು ‘ಲಿಟ್ಲ್ ಬಾಯ್’. ನಮ್ಮ ಭಾಷೆಯಲ್ಲಿ ಪುಟ್ಟ ಅನ್ನಿ. ಮರುದಿನ ಬೆಳಿಗ್ಗೆ ಹಿರೋಶಿಮಾದ ಮೇಲೆ ಪುಟ್ಟ ಇಳಿದ. ವರ್ಷ ಮುಗಿಯುವಷ್ಟರಲ್ಲಿ ಸುಮಾರು 1,40,000 ಜನ ಸತ್ತಿದ್ದರು. ಲಾರಿ ಬಂದರೆ ಹಾರನ್ ಆದರೂ ಕೇಳಿಸುತ್ತದೆ. ಅಲ್ಲಿ ‘ಅಪಾಯ ಇಲ್ಲ’ ಅಂತ ಸೈರನ್ ಊದಿ ಆಗಲೇ ಮುಕ್ಕಾಲು ಗಂಟೆಯಾಗಿತ್ತು.

ಇಂಥದ್ದನ್ನು ಬೀಳಿಸಿದ ಮೇಲೆ ಒಂದಷ್ಟು ದಿನ ಅದರ ಹೆಸರೆತ್ತಲು ಮುಜುಗರ ಆಗಬೇಕು, ಅಲ್ವಾ? ಆಗಲಿಲ್ಲ. ಬಾಂಬು ಮನೆಮಗನಾಯಿತು.

1946ರ ಜುಲೈ 1ರಂದು ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದಲ್ಲಿ ಅಣುಬಾಂಬಿನ ಪರೀಕ್ಷೆ. ಅಲ್ಲಿದ್ದ 167 ಜನರನ್ನು ಮಾರ್ಚಿನಲ್ಲೇ ‘ಸ್ವಲ್ಪ ದಿನ ಅಷ್ಟೇ’ ಅಂತ ಎಬ್ಬಿಸಿ ಕಳಿಸಿದ್ದರು. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ. ಗುರಿಯಾಗಿ ನಿಲ್ಲಿಸಿದ್ದ ಹಡಗುಗಳಲ್ಲಿ ಮೇಕೆ, ಹಂದಿ, ಇಲಿ ತುಂಬಿದ್ದರು. ಬಾಂಬಿಗೆ ನಟಿ ರೀಟಾ ಹೇವರ್ತ್ ಚಿತ್ರದ ಸಿಂಗಾರ. ಗುರಿ ಕಾಣಲಿ ಅಂತ ಒಂದು ದೊಡ್ಡ ಯುದ್ಧನೌಕೆಗೆ ಕಿತ್ತಳೆ ಬಣ್ಣ ಬಳಿದಿದ್ದರು. ಆದರೂ ಬಾಂಬು ಅದಕ್ಕೆ ಸುಮಾರು 650 ಮೀಟರ್ ದೂರದಲ್ಲಿ ಬಿತ್ತು. ನಾಲ್ಕೇ ದಿನಕ್ಕೆ ಪ್ಯಾರಿಸ್ಸಿನಲ್ಲಿ ಒಬ್ಬರು ಎರಡು ತುಂಡಿನ ಈಜುಡುಗೆ ಹೊಲಿದು ಅದಕ್ಕೆ ‘ಬಿಕಿನಿ’ ಅಂತ ಹೆಸರಿಟ್ಟರು. ಮನೆ ಕಳೆದುಕೊಂಡ ಊರಿನ ಹೆಸರು ಇವತ್ತಿಗೂ ಅಂಗಡಿಯಲ್ಲಿ ನೇತಾಡುತ್ತಿದೆ.

ನನಗೆ ಇಷ್ಟದ ಫೋಟೊ ಮಾತ್ರ ಆ ನವೆಂಬರಿನದ್ದು. ಪರೀಕ್ಷೆ ನಡೆಸಿದ ಅಡ್ಮಿರಲ್ ಬ್ಲ್ಯಾಂಡಿ ಅವರಿಗೆ ವಾಷಿಂಗ್ಟನ್ನಿನಲ್ಲಿ ಪಾರ್ಟಿ. ಮೇಜಿನ ಮೇಲೆ ಕೇಕ್. ಆಕಾರ ಯಾವುದು ಅಂತೀರಿ? ಅಣುಬಾಂಬಿನ ಅಣಬೆ ಮೋಡ. ಬೆಳ್ಳಗೆ, ಮೆತ್ತಗೆ, ಉಬ್ಬಿಕೊಂಡು ನಿಂತಿದೆ. ಗಂಡ ಹೆಂಡತಿ ಸೇರಿ ಚಾಕು ಹಾಕುತ್ತಿದ್ದಾರೆ. ಆಕೆಯ ತಲೆ ಮೇಲಿನ ಟೋಪಿಯೂ ಕೇಕಿನಷ್ಟೇ ಉಬ್ಬಿದೆ. ಯಾವುದನ್ನು ಕತ್ತರಿಸಬೇಕು ಅಂತ ಅಡ್ಮಿರಲ್ಲರಿಗೆ ಗೊಂದಲ ಆಗದಿದ್ದದ್ದು ಪುಣ್ಯ. ಆ ಭಾನುವಾರ ಪಾದ್ರಿಯೊಬ್ಬರು ಚರ್ಚಿನಲ್ಲಿ ಚೆನ್ನಾಗಿ ಉಗಿದರು. ಅಷ್ಟರಲ್ಲಿ ಕೇಕ್ ಜೀರ್ಣವಾಗಿತ್ತು.

ಮಕ್ಕಳನ್ನು ಬಿಟ್ಟರೆ ಹೇಗೆ? 1947ರಲ್ಲಿ ಕಿಕ್ಸ್ ಅನ್ನುವ ಬೆಳಗಿನ ತಿಂಡಿಯ ಡಬ್ಬಿ ಮುಚ್ಚಳದ ಜೊತೆ 15 ಸೆಂಟ್ ಕಳಿಸಿದರೆ ಅಣುಬಾಂಬು ಉಂಗುರ ಬರುತ್ತಿತ್ತು. ಬಾಂಬಿನ ಕೆಂಪು ಬಾಲ ಕಳಚಿ ಕತ್ತಲಲ್ಲಿ ಇಣುಕಿದರೆ ಒಳಗೆ ಪುಟುಪುಟು ಕಿಡಿ. ಸುಮ್ನೆ ಹೊಳೆಯುವ ಬಣ್ಣ ಅಂದುಕೊಳ್ಳಬೇಡಿ, ಒಳಗಿದ್ದದ್ದು ವಿಕಿರಣ ಸೂಸುವ ಪೊಲೋನಿಯಂ. ನಾವು ಪಾಪದವರು, ಸುರ್‌ಸುರ್ ಬತ್ತಿಯಲ್ಲೇ ಮುಗಿಸಿದೆವು.

ಇಷ್ಟು ಪ್ರೀತಿಯಿಂದ ಕರೆದರೆ ನೆಂಟ ಬರದೆ ಇರುತ್ತಾನಾ? 1958ರ ಮಾರ್ಚ್ 11ರಂದು ಬಂದೇಬಿಟ್ಟ. ಅಮೆರಿಕದ್ದೇ ದಕ್ಷಿಣ ಕ್ಯಾರೊಲೈನಾದ ಮಾರ್ಸ್ ಬ್ಲಫ್ ಅನ್ನುವ ಹಳ್ಳಿಗೆ. ಬಿ-47 ಬಾಂಬರ್ ಒಂದು ಸುಮಾರು ಮೂರೂವರೆ ಟನ್ನಿನ ಅಣುಬಾಂಬು ಹೊತ್ತು ಇಂಗ್ಲೆಂಡಿನ ಕಡೆ ಹೊರಟಿತ್ತು. ಬಾಂಬಿನ ಪಿನ್ನು ಸರಿಯಾಗಿ ಕೂತಿಲ್ಲ ಅಂತ ಕೆಂಪು ದೀಪ ಹತ್ತಿತು. ನ್ಯಾವಿಗೇಟರ್ ನೋಡಲು ಹೋದ. ಜಾಗ ಎಷ್ಟು ಇಕ್ಕಟ್ಟು ಅಂದರೆ ಪ್ಯಾರಾಶೂಟನ್ನೂ ಬಿಟ್ಟು ನುಗ್ಗಬೇಕಾಯಿತು. ಹುಡುಕಿದ, ಪಿನ್ನು ಸಿಗಲಿಲ್ಲ. ಮೇಲೇರಿ ನೋಡೋಣ ಅಂತ ಆಸರೆಗೆ ಕೈಗೆ ಸಿಕ್ಕಿದ್ದನ್ನು ಹಿಡಿದ. ಸಿಟಿ ಬಸ್ಸಿನಲ್ಲಿ ಬ್ರೇಕ್ ಬಿದ್ದಾಗ ನಾವು ಕಂಬಿ ಹಿಡಿಯುತ್ತೇವಲ್ಲ, ಹಾಗೆ. ಅದು ಬಾಂಬು ಬೀಳಿಸುವ ತುರ್ತು ಪಿನ್ನು.

ಬಾಂಬು ಕಳಚಿ ಬಾಗಿಲ ಮೇಲೆ ಬಿತ್ತು, ಮೇಲೆ ಈತ. ಬಾಗಿಲು ತೆರೆಯಿತು. ಈತ ಹೇಗೋ ಏನನ್ನೋ ಹಿಡಿದು ಉಳಿದುಕೊಂಡ. ಬಾಂಬು ಉಳಿಯಲಿಲ್ಲ. ಅದರೊಳಗೆ ಅಣುಸ್ಫೋಟಕ್ಕೆ ಬೇಕಾದ ತಿರುಳು ಹಾಕಿರಲಿಲ್ಲ, ಬರೀ ಮಾಮೂಲಿ ಸ್ಫೋಟಕ. ಅಷ್ಟಕ್ಕೇ ಒಂದು ಮನೆಯ ಹಿಂದೆ 20 ಮೀಟರಿಗೂ ಅಗಲದ ಹೊಂಡ ಬಿತ್ತು. ಮನೆ ಹಾಳಾಯಿತು, ಆರು ಜನರಿಗೆ ಗಾಯ. ಸತ್ತದ್ದು ಕೋಳಿಗಳು. ಮನೆಯವರಿಗೆ 54,000 ಡಾಲರ್ ಪರಿಹಾರ ಸಿಕ್ಕಿತು. ಕೋಳಿಗಳ ಲೆಕ್ಕವೂ ಅದರಲ್ಲೇ ಸೇರಿತ್ತೋ ಏನೋ. ಕೇಕ್ ಮಾತ್ರ ಯಾರೂ ಕತ್ತರಿಸಲಿಲ್ಲ.