ಮೂರು ಅಂಕದ ಪ್ರಶ್ನೆ

ದಾವಣಗೆರೆಯಲ್ಲಿ ಖಾಲಿ ಹೊಟ್ಟೆಯ ರಕ್ತ ಸಿಗುವುದು ಎಷ್ಟು ದುರ್ಲಭವೆಂಬುದು ಬೆಳಿಗ್ಗೆ ಆರೂವರೆಗೆ ಲ್ಯಾಬಿನ ಷಟರ್ ಎತ್ತುವವರಿಗೆ ಮಾತ್ರ ತಿಳಿದ ಸಂಗತಿ. ನಾವು ಷಟರ್ ಎತ್ತುವ ಹೊತ್ತಿಗೆ ಎದುರಿನ ಬೆಣ್ಣೆದೋಸೆ ಹೋಟೆಲಿನವರು ಕಾವಲಿಗೆ ನೀರು ಚಿಮುಕಿಸಿ ಒರೆಸಿ ಆಗಿರುತ್ತದೆ, ಮತ್ತು ಜಗಳೂರು, ಚನ್ನಗಿರಿ ಕಡೆಯಿಂದ ಮೊದಲ ಬಸ್ಸಿಗೆ ಬಂದಿಳಿದವರು ನಮ್ಮ ಬೋರ್ಡು ಹುಡುಕುತ್ತ ಬರುವಾಗ ಆ ಘಮವನ್ನು ದಾಟಿಯೇ ಬರಬೇಕು. ಎಂಟರಿಂದ ಹನ್ನೆರಡು ಗಂಟೆಗಳ ಕಾಲ ಏನನ್ನೂ ತಿನ್ನದೆ, ಬಾಯಾರಿದರೆ ನೀರನ್ನಷ್ಟೇ ಕುಡಿದು ಬರಬೇಕೆಂದು ನಮ್ಮ ಪಠ್ಯಪುಸ್ತಕ ಹೇಳುತ್ತದೆ. ಅದನ್ನು ಬರೆದವರು ಯಾರೇ ಇರಲಿ, ಅವರ ಲ್ಯಾಬಿನ ಎದುರು ದೋಸೆ ಹೋಟೆಲು ಇರಲಿಲ್ಲವೆಂದು ಧೈರ್ಯವಾಗಿ ಹೇಳಬಲ್ಲೆ.

ನಾನು ಹಗಲು ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನದ ಬಿ.ಎಸ್ಸಿ. ವಿದ್ಯಾರ್ಥಿ, ಬೆಳಿಗ್ಗೆ ಮತ್ತು ಸಂಜೆ ಒಂದು ಖಾಸಗಿ ಲ್ಯಾಬಿನಲ್ಲಿ ಟ್ರೈನಿ. ತಿಂಗಳ ಕೊನೆಗೆ ಕೈಗೆ ಬರುವುದನ್ನು ಮಾಲೀಕರು ಸ್ಟೈಪೆಂಡ್ ಎನ್ನುತ್ತಾರೆ, ಅಪ್ಪ ಪೆಟ್ರೋಲ್ ಖರ್ಚು ಎನ್ನುತ್ತಾರೆ. ಬಂಧುಗಳ ಪಾಲಿಗೆ ನಾನು ಅರ್ಧ ಡಾಕ್ಟರ್. ತಮ್ಮ ರಿಪೋರ್ಟಿನಲ್ಲಿ ಯಾವ ಅಂಕಿಯ ಪಕ್ಕದಲ್ಲಿ ನಕ್ಷತ್ರ ಚಿಹ್ನೆ ಬಿದ್ದಿದ್ದರೂ ಅದರ ಫೋಟೊ ರಾತ್ರಿ ಹನ್ನೊಂದಕ್ಕೆ ನನ್ನ ವಾಟ್ಸ್‌ಆ್ಯಪ್‌ಗೆ ಬಂದು ಬೀಳುತ್ತದೆ. ಪೂರ್ತಿ ಡಾಕ್ಟರಿಗೆ ತೋರಿಸಿ ಎಂದರೆ, "ಅವ್ರು ಫೀಸು ಕೇಳ್ತಾರಲ್ಲಪ್ಪ" ಎಂಬ ಉತ್ತರ ಸಿದ್ಧವಾಗಿರುತ್ತದೆ.

ರಕ್ತ ತೆಗೆಯುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ, ಆದರೆ ಅದನ್ನು ಕಂತುಕಂತಾಗಿ ಕೇಳಬೇಕು. "ಏನಾದ್ರೂ ತಿಂದೀರಾ ಅಜ್ಜಾರೇ?" "ಏನೂ ಇಲ್ಲಪ್ಪ, ರಾತ್ರಿ ಉಂಡಿದ್ದೇ." "ಚಾ?" "ಚಾ ಕುಡ್ದೀನಿ." "ಜತಿಗೆ?" "ಎಲ್ಡು ಬಿಸ್ಕತ್ತು. ಅದೇನು ತಿಂದಂಗಾ?" ಈ ವಿಚಾರಣೆಯಲ್ಲಿ ಸಮಯ ಕಳೆಯುವುದಕ್ಕಿಂತ ಜೊತೆಗೆ ಬಂದವರನ್ನು ಕೇಳುವುದು ಲೇಸೆಂದು ನಮ್ಮ ಹಿರಿಯ ಟೆಕ್ನಿಷಿಯನ್ ಮೇಡಂ ನನಗೆ ಮೊದಲ ವಾರವೇ ಹೇಳಿಕೊಟ್ಟರು. ಸೊಸೆ ಬಂದಿದ್ದರೆ ಸತ್ಯ ಐದು ಸೆಕೆಂಡಿನಲ್ಲಿ ಹೊರಬೀಳುತ್ತದೆ. ಮಗ ಬಂದಿದ್ದರೆ ಅವನಿಗೆ ಗೊತ್ತೇ ಇರುವುದಿಲ್ಲ. ಇದಕ್ಕೆ ತದ್ವಿರುದ್ಧವಾಗಿ, ಹಿಂದಿನ ರಾತ್ರಿಯಿಂದ ಹನಿ ನೀರನ್ನೂ ಮುಟ್ಟದೆ ವ್ರತ ಹಿಡಿದು ಬರುವ ಕಟ್ಟುನಿಟ್ಟಿನ ತಾಯಂದಿರೂ ಇದ್ದಾರೆ. ಅವರ ರಕ್ತನಾಳಗಳು ಎಲ್ಲಿ ಅಡಗಿ ಕುಳಿತಿವೆಯೆಂದು ಹುಡುಕುವಷ್ಟರಲ್ಲಿ ನನಗೆ ಕಾಲೇಜಿನ ಮೊದಲ ತರಗತಿ ತಪ್ಪುತ್ತದೆ.

ಊಟವಾದ ಎರಡು ಗಂಟೆಗೆ ಕೊಡಬೇಕಾದ ರಕ್ತದ್ದು ಇನ್ನೊಂದು ಕಥೆ. ಜಗಳೂರಿನ ಬಸ್ಸು ಹೊರಡುತ್ತದೆಂದು ಕೆಲವರು ಅರ್ಧ ಗಂಟೆಗೇ ತೋಳು ಮಡಿಚಿ ನಿಲ್ಲುತ್ತಾರೆ. ಇನ್ನು ಕೆಲವರು, ಸಕ್ಕರೆ ಕಡಿಮೆ ಬರಲೆಂದು ಮೂರು ದಿನ ಮೊದಲಿನಿಂದ ಹಾಗಲಕಾಯಿ ರಸ ಕುಡಿದು, ಅಂದು ಒಂದೇ ಇಡ್ಲಿ ತಿಂದು ಬರುತ್ತಾರೆ. ಪರೀಕ್ಷೆಯ ಹಿಂದಿನ ರಾತ್ರಿ ಓದಿ ಪಾಸಾಗುವ ನಮ್ಮ ತರಗತಿಯವರಿಗೂ ಇವರಿಗೂ ವ್ಯತ್ಯಾಸವಿಲ್ಲ. ಆದರೆ ವೈದ್ಯರು ಎಚ್‌ಬಿಎ1ಸಿ ಎಂದು ಬರೆದುಕೊಟ್ಟರೆ ಇವರ ಆಟ ಮುಗಿಯಿತು: ಕೆಂಪು ರಕ್ತಕಣ ಸುಮಾರು 120 ದಿನ ಬದುಕಿ, ಅಷ್ಟೂ ಕಾಲ ತನಗೆ ಅಂಟಿದ ಸಕ್ಕರೆಯ ಲೆಕ್ಕ ಇಟ್ಟಿರುವುದರಿಂದ, ಅದು ಇಂಟರ್ನಲ್ ಅಸೆಸ್‌ಮೆಂಟ್ ಅಂಕಗಳ ಹಾಗೆ ವರ್ಷವಿಡೀ ತಪ್ಪಿಸಿದ ತರಗತಿಗಳನ್ನೆಲ್ಲ ಬಯಲಿಗೆಳೆಯುತ್ತದೆ.

ಮಾದರಿ ತರಲು ನಾವು ಕೊಡುವ ಡಬ್ಬಿಗಳ ಮೇಲೆ ಜನರಿಗೆ ಅಷ್ಟೇನೂ ನಂಬಿಕೆಯಿಲ್ಲ. ಇಪ್ಪತ್ತನಾಲ್ಕು ಗಂಟೆಯ ಮೂತ್ರ ಸಂಗ್ರಹಿಸಬೇಕಾದಾಗ ಬೆಳಗಿನ ಮೊದಲನೆಯದನ್ನು ಬಿಟ್ಟು, ಅಲ್ಲಿಂದ ಮರುದಿನ ಬೆಳಗಿನ ಮೊದಲನೆಯದರವರೆಗೆ ಎಲ್ಲವನ್ನೂ ಒಂದೇ ಕ್ಯಾನಿನಲ್ಲಿ ಹಿಡಿಯಬೇಕು. ಒಬ್ಬ ಯಜಮಾನರಿಗೆ ಇದನ್ನು ಕಾಗದದ ಮೇಲೆ ಬರೆದು, ಓದಿ ಹೇಳಿ, ಅವರಿಂದ ಮತ್ತೊಮ್ಮೆ ಹೇಳಿಸಿ ಕಳಿಸಿದ್ದೆ. ಮರುದಿನ ಕ್ಯಾನು ಕತ್ತಿನವರೆಗೆ ತುಂಬಿ ಬಂತು. ಅಳತೆ ಬರೆದುಕೊಳ್ಳುತ್ತಿದ್ದ ಮೇಡಂ ಹುಬ್ಬೇರಿಸಿದ್ದನ್ನು ಕಂಡು ಯಜಮಾನರು ವಿನಯದಿಂದ ವಿವರಿಸಿದರು: ಸಂಜೆಯಾದರೂ ಕ್ಯಾನು ಅರ್ಧವೂ ತುಂಬಿರಲಿಲ್ಲವಂತೆ, ಖಾಲಿ ತಂದುಕೊಡುವುದು ಸರಿಯಲ್ಲವೆಂದು ಮಗನಿಗೂ ಹೇಳಿದರಂತೆ. ತುಂಬಿದ ಕೊಡವನ್ನೇ ಒಪ್ಪಿಸಬೇಕೆಂಬ ಸಂಸ್ಕಾರವನ್ನು ಯಾವ ಬಾಯಿಂದ ಬೈಯುವುದು?

ಕಫ ಪರೀಕ್ಷೆಯದು ಅಡಿಕೆ ಸೀಮೆಗೇ ಮೀಸಲಾದ ತೊಡಕು. ಕ್ಷಯ ಇದೆಯೋ ಇಲ್ಲವೋ ನೋಡಲು ಎದೆಯಾಳದಿಂದ ಕೆಮ್ಮಿ ತೆಗೆದ ಕಫ ಬೇಕು; ಬರುವುದು ಸಾಮಾನ್ಯವಾಗಿ ಬಾಯಂಚಿನ ಉಗುಳು. ಒಮ್ಮೆ ಚನ್ನಗಿರಿ ಕಡೆಯವರೊಬ್ಬರು ತಂದ ಡಬ್ಬಿಯ ಮುಚ್ಚಳ ತೆಗೆದಾಗ ಒಳಗೆಲ್ಲ ಕೆಂಪೋ ಕೆಂಪು. ಕಫದಲ್ಲಿ ರಕ್ತವೆಂದರೆ ಸಣ್ಣ ಮಾತಲ್ಲವಾದ್ದರಿಂದ ನನ್ನ ಕೈ ಫೋನಿನತ್ತ ಹೋಗಿತ್ತು. ಮೇಡಂ ಡಬ್ಬಿಯನ್ನು ಬೆಳಕಿಗೆ ಹಿಡಿದು ಓರೆ ಮಾಡಿದರು. ತಳದಲ್ಲಿ ಅಡಿಕೆಯ ಎರಡು ಚೂರು ಮತ್ತು ವೀಳ್ಯದೆಲೆಯ ಒಂದು ನಾರು ನಿಧಾನಕ್ಕೆ ಜಾರಿದವು. "ಸುಣ್ಣ ಸ್ವಲ್ಪ ಜಾಸ್ತಿ ಹಾಕ್ಕೊಂತೀರೇನು?" ಎಂದು ಅವರು ಕೇಳಿದ್ದಕ್ಕೆ ಆ ಮನುಷ್ಯರು, ಇಷ್ಟೊಂದು ನಿಖರವಾದ ಪರೀಕ್ಷೆ ದೊಡ್ಡಾಸ್ಪತ್ರೆಯಲ್ಲೂ ಇಲ್ಲವೆಂದು ಬೆರಗಾದರು.

ಇವೆಲ್ಲಕ್ಕಿಂತ ಮೇಲಿನದು ಮಳೆಗಾಲದ ಪ್ಲೇಟ್‌ಲೆಟ್ ಪ್ರಸಂಗ. ಡೆಂಗಿ ಹರಡುವ ತಿಂಗಳುಗಳಲ್ಲಿ ಊರಿಗೆ ಊರೇ ಪ್ಲೇಟ್‌ಲೆಟ್ ಲೆಕ್ಕದಲ್ಲಿ ಮಾತಾಡುತ್ತದೆ. ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರಬೇಕೆಂಬುದು ಆಟೋ ಚಾಲಕರಿಗೂ ಬಾಯಿಪಾಠ. ಅಂಥ ಒಂದು ಬೆಳಿಗ್ಗೆ ಒಬ್ಬ ಹುಡುಗನ ರಕ್ತಕ್ಕೆ ನಮ್ಮ ಯಂತ್ರ 38,000 ಎಂದು ಮುದ್ರಿಸಿತು. ಸುದ್ದಿ ಹೇಗೋ ಹೊರಗೆ ಹೋಗಿ, ಒಬ್ಬ ಮಾವ ಬೆಂಗಳೂರಿಗೆ ಫೋನು ಹಚ್ಚಿದರು, ಇನ್ನೊಬ್ಬರು ಕಿವಿ ಹಣ್ಣು ತರಲು ಓಡಿದರು, ಮೂರನೆಯವರು ಪಕ್ಕದ ಕಾಂಪೌಂಡಿನ ಪರಂಗಿ ಗಿಡದ ಎಲೆ ಕಿತ್ತು ರಸ ಹಿಂಡಿಸಿಯೂ ಬಿಟ್ಟರು. ರೋಗಿ ಮಾತ್ರ ಬೆಂಚಿನ ಮೇಲೆ ಕುಳಿತು ಮೊಬೈಲಿನಲ್ಲಿ ಆಟ ಆಡುತ್ತಿದ್ದ.

ಅವನ ಆ ಲವಲವಿಕೆಯೇ ಮೇಡಂ ಅವರಿಗೆ ಅನುಮಾನ ತಂದದ್ದು. ಗಾಜಿನ ಮೇಲೆ ರಕ್ತದ ತೆಳು ಲೇಪ ಎಳೆದು, ಲೀಷ್ಮನ್ ಬಣ್ಣ ಹಾಕಿ, ಎಣ್ಣೆಯ ಲೆನ್ಸಿನಡಿ ಲೇಪದ ಅಂಚನ್ನು ತೋರಿಸಿದರು. ಅಲ್ಲಿ ನೇರಳೆ ಬಣ್ಣದ ಪ್ಲೇಟ್‌ಲೆಟ್‌ಗಳು ಗುಂಪುಗುಂಪಾಗಿ ಒಂದನ್ನೊಂದು ಅಪ್ಪಿಕೊಂಡಿದ್ದವು. ನೇರಳೆ ಮುಚ್ಚಳದ ನಳಿಕೆಯಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಹಾಕಿರುವ ಇಡಿಟಿಎ ಕೆಲವೇ ಕೆಲವರ ರಕ್ತದಲ್ಲಿ ಪ್ಲೇಟ್‌ಲೆಟ್‌ಗಳನ್ನು ಹೀಗೆ ಅಂಟಿಸಿಬಿಡುತ್ತದೆ. ಗಾತ್ರ ನೋಡಿ ಎಣಿಸುವ ಯಂತ್ರ ಆ ಗುಂಪನ್ನು ಪ್ಲೇಟ್‌ಲೆಟ್ ಎಂದು ಗುರುತಿಸುವುದೇ ಇಲ್ಲ. ನೀಲಿ ಮುಚ್ಚಳದ ಸಿಟ್ರೇಟ್ ನಳಿಕೆಯಲ್ಲಿ ಮತ್ತೆ ರಕ್ತ ತೆಗೆದು, ಅದರೊಳಗಿನ ದ್ರವದಿಂದ ರಕ್ತ ತೆಳುವಾಗುವುದಕ್ಕೆ ಸರಿಯಾಗಿ 1.1ರಿಂದ ಗುಣಿಸಿದಾಗ ಎರಡು ಲಕ್ಷದ ಹತ್ತು ಸಾವಿರ ಬಂತು. ಆದರೆ ಈ ಎರಡು ರಕ್ತಗಳ ನಡುವಿನ ಅರ್ಧ ಗಂಟೆಯಲ್ಲಿ ಹುಡುಗನ ಗಂಟಲಿಗೆ ಪರಂಗಿ ಎಲೆಯ ರಸ ಇಳಿದಾಗಿತ್ತು. ಇಡಿಟಿಎ ವಿಚಾರವನ್ನು ನಾನು ಎಷ್ಟು ಬಿಡಿಸಿ ಹೇಳಿದರೂ ಮಾವ ಪೂರ್ತಿ ಕೇಳಿಸಿಕೊಂಡು, "ನೀವು ಓದಿದೋರು, ಹೇಳ್ತೀರಿ, ನಾವು ಕಣ್ಣಾರೆ ಕಂಡೀವಿ" ಎಂದರು. ಆ ವಾರ ಮುಗಿಯುವಷ್ಟರಲ್ಲಿ ಪಕ್ಕದ ಕಾಂಪೌಂಡಿನ ಪರಂಗಿ ಗಿಡದಲ್ಲಿ ಬರೀ ಕಾಂಡ ಉಳಿದಿತ್ತು.

ಹೀಗೆ ಬೆಳಿಗ್ಗೆ ಜನರೊಂದಿಗೆ ಹೆಣಗಿ ಕಾಲೇಜಿಗೆ ಹೋದರೆ ಅಲ್ಲಿ ಸಾಹ್ಲಿ ಕಾಯುತ್ತಿರುತ್ತಾರೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯ ಹರ್ಮನ್ ಸಾಹ್ಲಿ ಬಳಕೆಗೆ ತಂದ ವಿಧಾನದಲ್ಲಿ ಹಿಮೋಗ್ಲೋಬಿನ್ ಅಳೆಯುವುದು ನಮಗೆ ಕಡ್ಡಾಯ. 0.02 ಮಿ.ಲೀ. ರಕ್ತವನ್ನು ಆಮ್ಲಕ್ಕೆ ಬೆರೆಸಿ, ಹತ್ತು ನಿಮಿಷ ಕಾದು, ಹನಿಹನಿಯಾಗಿ ಡಿಸ್ಟಿಲ್ಡ್ ವಾಟರ್ ಹಾಕಿ ಕಲಕುತ್ತ, ಪಕ್ಕದ ಕಂದು ಗಾಜಿನ ಬಣ್ಣಕ್ಕೆ ಹೊಂದಿಸಿ ಓದಬೇಕು. ಒಂದೇ ರಕ್ತಕ್ಕೆ ಕಿಟಕಿಯ ಬಳಿ ನಿಂತವನು 12 ಎಂದು ಬರೆದರೆ ಟ್ಯೂಬ್‌ಲೈಟಿನ ಕೆಳಗೆ ನಿಂತವಳು 13.5 ಎಂದು ಬರೆಯುತ್ತಾಳೆ. ಲ್ಯಾಬಿನ ಯಂತ್ರ ಇದೇ ಕೆಲಸವನ್ನು ಹತ್ತಾರು ಇತರ ಅಂಕಿಗಳ ಸಮೇತ ಒಂದು ನಿಮಿಷದಲ್ಲಿ ಮುಗಿಸುತ್ತದೆ. ಒಂದು ದಿನ ಕರೆಂಟು ಹೋಗಿ, ಯುಪಿಎಸ್ ಕೂಡ ಕೀರಲು ದನಿ ತೆಗೆದು ಸುಮ್ಮನಾದಾಗ ಸಾಹ್ಲಿಯೇ ನಮ್ಮನ್ನು ಕಾಪಾಡಿದನೆಂದು ಬರೆದಿದ್ದರೆ ಈ ಬರಹಕ್ಕೆ ಶೋಭೆ ಬರುತ್ತಿತ್ತು. ಅಂದು ನಡೆದದ್ದೆಂದರೆ, ಮಾಲೀಕರು ಜನರೇಟರಿಗೆ ಡೀಸೆಲ್ ತರಲು ನನ್ನನ್ನು ಕಳಿಸಿದರು.

ಈ ಸಲದ ಪರೀಕ್ಷೆಯಲ್ಲಿ "ಮಾದರಿ ಸಂಗ್ರಹಣೆಯಲ್ಲಿ ಆಗುವ ದೋಷಗಳು" ಎಂಬ ಪ್ರಶ್ನೆ ಬಂದಿತ್ತು. ಪ್ರಯೋಗಾಲಯದ ತಪ್ಪುಗಳಲ್ಲಿ ಬಹುಪಾಲು ಯಂತ್ರ ತಲುಪುವ ಮೊದಲೇ ಆಗುತ್ತವೆಂದು ನಮ್ಮ ಪುಸ್ತಕವೇ ಒಪ್ಪುತ್ತದೆ. ಆದರೂ ಆ ಪ್ರಶ್ನೆಗಿದ್ದದ್ದು ಮೂರು ಅಂಕ. ಬಿಸ್ಕತ್ತು, ಬಸ್ಸಿನ ವೇಳೆ, ಅಡಿಕೆ ಚೂರು ಮತ್ತು ಮಗನ ಸಹಾಯಹಸ್ತ ಒಂದೊಂದಾಗಿ ನೆನಪಿಗೆ ಬಂದು ಪೆನ್ನಿನ ತುದಿಯವರೆಗೂ ಇಳಿದವು. ಮೂರು ಅಂಕಕ್ಕೆ ಅರ್ಧ ಪುಟ ಮೀರಬಾರದೆಂಬ ಮೇಷ್ಟ್ರ ಮಾತಿಗೆ ಬೆಲೆ ಕೊಟ್ಟು, ತಪ್ಪು ನಳಿಕೆ, ಒಡೆದ ರಕ್ತಕಣ, ಸಾಗಣೆಯಲ್ಲಿ ವಿಳಂಬ ಎಂದು ಪುಸ್ತಕದಲ್ಲಿದ್ದಷ್ಟನ್ನೇ ಬರೆದೆ. ಮುಂದಿನದು ಹತ್ತು ಅಂಕದ ಸಾಹ್ಲಿ ವಿಧಾನ. ಅದಕ್ಕೆ ಚಿತ್ರವನ್ನೂ ಬರೆದು, ಕಂದು ಗಾಜಿಗೆ ಪೆನ್ಸಿಲಿನಿಂದ ನೆರಳು ಹಚ್ಚಿ, ಭಾಗಗಳನ್ನು ಗುರುತಿಸಿದೆ. ಚಿತ್ರ ಬಹಳ ಚೆನ್ನಾಗಿ ಬಂತು.