ಮಣ್ಣಿಗೆ ಮಣ್ಣು ಹಾಕಿದ್ರ ಏನಾಗ್ತದ?

ಹೋದ ಬೇಸಿಗೆಯಲ್ಲಿ ನಾನು ಮಾಡಿದ ಒಂದು ದಡ್ಡ ಕೆಲಸ ಹೇಳ್ತೀನಿ. ನಾನು ಮನೆಯಲ್ಲೇ ಮಡಕೆ, ಭರಣಿ ಮಾಡ್ತೀನಿ. ಸುಟ್ಟಾಗ ಗಾಜಿನ ಹಾಗೆ ಹೊಳೆಯಲಿ ಅಂತ ಅವುಗಳ ಮೇಲೆ ಬಳಿಯುವ ಪುಡಿ, ಅಂದರೆ ಗ್ಲೇಜ್, ಕಲಸಿದ ಬಕೆಟ್ ತೊಳೆದು, ಆ ನೀರನ್ನು ಹಿತ್ತಲಿನ ಪುಂಡಿ ಸೊಪ್ಪಿನ ಮಡಿಗೆ ಸುರಿದೆ. ಒಂದು ಸಲ ಅಲ್ಲ, ತಿಂಗಳಿಡೀ. ಕಲಬುರಗಿ ಬಿಸಿಲಲ್ಲಿ ನೀರು ಸುಮ್ನೆ ಮೋರಿಗೆ ಬಿಡೋಕೆ ಮನಸ್ಸು ಬರುತ್ತಾ? ನಮ್ಮತ್ತೆಯೂ ನೋಡಿ, "ಮಣ್ಣಿಗೆ ಮಣ್ಣು ಹಾಕಿದ್ರ ಏನಾಗ್ತದ ಬಿಡವ್ವಾ" ಅಂದರು.

ನಾವು ಎಡವೋದು ಅಲ್ಲೇ. ಮಡಕೆ ಮಣ್ಣಿನದು ಅಂದ ಮಾತ್ರಕ್ಕೆ ಅದರ ಮೇಲೆ ಬಳಿಯುವ ಪುಡಿಯೂ ಮಣ್ಣಲ್ಲ. ಹಸಿರು ಬೇಕಾದರೆ ತಾಮ್ರ, ನೀಲಿಗೆ ಕೋಬಾಲ್ಟ್, ಕಂದು-ಕಪ್ಪಿಗೆ ಮ್ಯಾಂಗನೀಸ್. ಕೆಲವು ಗ್ಲೇಜ್‌ಗಳಲ್ಲಿ ಬೇರಿಯಂ ಕಾರ್ಬೊನೇಟ್ ಇರುತ್ತೆ. ಇಲಿ ಸಾಯಿಸೋಕೆ ಬಳಸುತ್ತಿದ್ದ ವಸ್ತು ಅದು. ಕಡಿಮೆ ಬಿಸಿಗೇ ಕರಗಿ ಫಳಫಳ ಹೊಳೆಯಲಿ ಅಂತ ಸೀಸ ಹಾಕಿದ ಗ್ಲೇಜ್ ಕೂಡ ಇದೆ. ನನ್ನ ಪ್ಯಾಕೆಟ್ ಮೇಲೆ ಮಾರ್ಕರ್‌ನಲ್ಲಿ ಗೀಚಿದ ಒಂದು ನಂಬರ್ ಬಿಟ್ಟರೆ ಏನೂ ಇರಲಿಲ್ಲ. ಮಾರಿದವರಿಗೆ ಫೋನ್ ಮಾಡಿದರೆ, "ಹಳೇ ಸ್ಟಾಕ್ ಮೇಡಂ, ಸೀಸ ಇದ್ರೂ ಇರಬಹುದು" ಅಂತ ಆರಾಮಾಗಿ ಹೇಳಿದರು. ಗೋಡೆಗೆ ಬಳಿಯುವ ಪೇಂಟ್‌ನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ದಾಟಬಾರದು ಅಂತ 2017ರಿಂದ ನಿಯಮ ಇದೆ. ನನ್ನ ಕೈಲಿದ್ದ ಪುಡಿಗೆ ಒಂದು ಹೆಸರೂ ಇರಲಿಲ್ಲ.

ಸೀಸ ಕೊಳೆಯಲ್ಲ, ಆವಿಯಾಗಲ್ಲ. ಮಣ್ಣಿಗೆ ಬಿದ್ದರೆ ಅಲ್ಲೇ ಕೂರುತ್ತೆ. ಸೊಪ್ಪು ಅದನ್ನು ಬೇರಿನಿಂದ ಹೀರೋದಕ್ಕಿಂತ, ಎಲೆಗೆ ಅಂಟಿದ ಮಣ್ಣಿನ ಜೊತೆ ನಮ್ಮ ತಟ್ಟೆಗೆ ಬರೋದೇ ಜಾಸ್ತಿ. ಮಕ್ಕಳು ಮಣ್ಣಾಡಿದ ಕೈ ಬಾಯಿಗೆ ಹಾಕ್ತಾರೆ, ಅವರಿಗೇ ಹೆಚ್ಚು ಅಪಾಯ. ಆ ಮಡಿಯ ಪುಂಡಿ ಕಿತ್ತು ಹಾಕಿದೆ. ಮೇಲಿನ ಮಣ್ಣು ತೆಗೆದು ಚೀಲ ಕಟ್ಟಿಟ್ಟೆ. ಈಗ ಅಲ್ಲಿ ಕಣಗಿಲೆ ಹೂ ಬಿಡ್ತಿದೆ. ಅದನ್ನಂತೂ ಯಾರೂ ಪಲ್ಯ ಮಾಡಲ್ಲ!

ಅದಕ್ಕಿಂತ ನಾಚಿಕೆಯ ವಿಷಯ ಕೂಲರ್‌ದು. ಕಿಟಕಿ ಹೊರಗೆ, ಕೂಲರ್ ಬೆನ್ನ ಹಿಂದೆ ನೆರಳಿದೆ ಅಂತ ಅಲ್ಲೇ ಕೂತು ಪುಡಿ ಜರಡಿ ಹಿಡಿಯುತ್ತಿದ್ದೆ. ಕೂಲರ್ ಹೊರಗಿನ ಗಾಳಿಯನ್ನೇ ಎಳೆದು ಒಳಗೆ ಬಿಡೋದು ಅಲ್ವಾ? ಒಳಗೆ ತಂಗಿ ಮಗಳು ಮಲಗಿದ್ದಳು. ಒಂದು ದಿನ ಕೂಲರ್‌ನ ಹುಲ್ಲಿನ ಅಂಚಲ್ಲಿ ಬೆಳ್ಳನೆಯ ಗೆರೆ ನೋಡಿದಾಗ ಕೈಕಾಲು ತಣ್ಣಗಾಯಿತು. ಸೀಸ ಇಲ್ಲದ ಗ್ಲೇಜ್ ಪುಡಿಯಲ್ಲೂ ಸಿಲಿಕಾ ಇರುತ್ತೆ. ಅದು ವರ್ಷಗಟ್ಟಲೆ ಒಳಗೆ ಹೋದರೆ ಪುಪ್ಪುಸ ಕೆಡುತ್ತೆ.

ಈಗ ಎನ್-95 ಮಾಸ್ಕ್ ಇಲ್ಲದೆ ಡಬ್ಬಿ ತೆರೆಯಲ್ಲ. ಕಸಬರಿಗೆ ಮುಟ್ಟಲ್ಲ, ಒದ್ದೆ ಬಟ್ಟೆಯಲ್ಲೇ ಒರೆಸೋದು. ಅಡುಗೆಮನೆಯ ಒಂದು ಚಮಚವೂ ಅತ್ತ ಹೋಗಲ್ಲ. ತೊಳೆದ ನೀರನ್ನು ಎರಡು ದಿನ ಬಿಟ್ಟರೆ ಗಸಿ ತಳಕ್ಕೆ ಕೂರುತ್ತೆ. ಮೇಲಿನ ತಿಳಿ ಮುಂದಿನ ಸಲ ಬಕೆಟ್ ತೊಳೆಯೋಕೆ. ಗಸಿ ಒಣಗಿಸಿ, ಒಂದು ಒಡಕು ಬಟ್ಟಲಲ್ಲಿ ತುಂಬಿ, ಭಟ್ಟಿಯಲ್ಲಿ ಸುಟ್ಟು ಗಾಜಿನ ಗಟ್ಟಿ ಮಾಡ್ತೀನಿ. ಸೀಸದ ಅನುಮಾನ ಇರುವ ಆ ಪ್ಯಾಕೆಟ್ ಮಾತ್ರ ಬೀಗದೊಳಗಿದೆ. ಅದನ್ನು ಸುಟ್ಟರೆ ಹೊಗೆಯೂ ವಿಷ.

ಹೆದರಿ ರಂಜಣಗಿ ಒಡೆಯಬೇಡಿ ಮತ್ತೆ. ನಮ್ಮ ಕುಂಬಾರರ ಕೆಂಪು ಮಡಕೆಗೆ ಗ್ಲೇಜ್ ಇರಲ್ಲ, ಹೊಟ್ಟೆ ತುಂಬ ನೀರು ಕುಡೀರಿ. ಬೀದರಿನಲ್ಲಿ 1472ರ ಮಹಮೂದ್ ಗವಾನ್ ಮದರಸಾದ ಗೋಡೆಯಲ್ಲಿ ಇನ್ನೂ ಮಿಂಚುವ ಹೆಂಚುಗಳಿವೆ, ಎಷ್ಟು ಬೇಕಾದರೂ ನೋಡಿ. ಗೋಡೆಯಲ್ಲಿ ಯಾರೂ ಉಣ್ಣಲ್ಲವಲ್ಲ. ತೊಂದರೆ ಇರೋದು ಹುಳಿಯಲ್ಲಿ. ಗ್ಲೇಜ್ ಸರಿಯಾಗಿ ಬೇಯದಿದ್ದರೆ ಹುಣಸೆ, ನಿಂಬೆ, ಉಪ್ಪಿನಕಾಯಿ ಅದರೊಳಗಿನ ಸೀಸವನ್ನು ಕರಗಿಸಿಕೊಳ್ಳುತ್ತವೆ. ಸೀಸದ ಜೊತೆ ತಾಮ್ರದ ಹಸಿರು ಸೇರಿದರಂತೂ ಇನ್ನೂ ಬೇಗ. ಕಣ್ಣಲ್ಲಿ ನೋಡಿ ಹೇಳೋಕೆ ಆಗಲ್ಲ, ಲ್ಯಾಬ್‌ನಲ್ಲೇ ಗೊತ್ತಾಗಬೇಕು.

ನಾನು ಅದೇ ಪುಡಿಯಲ್ಲಿ ಮಾಡಿದ ಹಸಿರು ಭರಣಿ ಮೇಲೆ ಪಕ್ಕದ ಮನೆಯವರಿಗೆ ಕಣ್ಣು. "ಅಕ್ಕಾ, ಮಾವಿನಕಾಯಿ ಉಪ್ಪಿನಕಾಯಿ ಹಾಕ್ತೀನಿ, ಕೊಡ್ರಿ" ಅಂತ ಮೂರು ಸಲ ಕೇಳಿದರು. ಕೊಡಲ್ಲ ಅಂದೆ. ಜಿಪುಣಿ ಅಂದುಕೊಂಡಿದ್ದಾರೆ. ಭರಣಿ ಈಗ ಶೋಕೇಸಿನ ಮೇಲಿದೆ, ಒಳಗೆ ಪ್ಲಾಸ್ಟಿಕ್ ಹೂವು.