ಬಿರುಕು ಬಿಟ್ಟ ರಬ್ಬರ್ ಬ್ಯಾಂಡ್ ಮತ್ತು ಅನಾನಸ್ ವಿಜ್ಞಾನಿ

ಮೊನ್ನೆ ಮೇಜಿನ ಡ್ರಾಯರ್ ಚೊಕ್ಕ ಮಾಡುತ್ತಿದ್ದೆ. ಹಳೇ ಕಾಗದಗಳ ಒಂದು ಕಟ್ಟು ಸಿಕ್ಕಿತು. ಅದಕ್ಕೆ ಬಿಗಿಯಾಗಿ ಹಾಕಿದ್ದ ರಬ್ಬರ್ ಬ್ಯಾಂಡ್ ಕೈ ತಾಗುತ್ತಿದ್ದಂತೆ ಪಟ್ ಅಂತ ತುಂಡಾಯಿತು. ಅದರ ಜೊತೆಯಲ್ಲೇ ತಂದ ಇನ್ನೊಂದು ಮೂಲೆಯಲ್ಲಿ ಸುಮ್ನೆ ಬಿದ್ದಿತ್ತು. ಎಳೆದರೆ ಇನ್ನೂ ಹಿಗ್ಗುತ್ತಿತ್ತು. ತುಂಡಾದದ್ದನ್ನು ಬೆಳಕಿಗೆ ಹಿಡಿದು ನೋಡಿದೆ. ಎಳೆದಿದ್ದ ದಿಕ್ಕಿಗೆ ಅಡ್ಡಲಾಗಿ ಸಾಲು ಸಾಲು ಸಣ್ಣ ಬಿರುಕು. ಯಾರೋ ಬ್ಲೇಡಿನಿಂದ ಗೀರಿದ ಹಾಗೆ.

ಹಳೇದಾಯಿತು ಅಂತ ಬಿಸಾಡಬಹುದಿತ್ತು. ಆದರೆ ಬಿಗಿದ ರಬ್ಬರ್ ಹೀಗೆ ಅಡ್ಡಡ್ಡ ಸೀಳಿತು ಅಂದರೆ ಮೊದಲ ಅನುಮಾನ ನಾವು ಉಸಿರಾಡುವ ಗಾಳಿಯಲ್ಲಿರುವ ಓಝೋನ್ ಮೇಲೆ, ಅಂದರೆ ಮೂರು ಪರಮಾಣುಗಳ ಆಕ್ಸಿಜನ್ ಮೇಲೆ. ಎಪ್ಪತ್ತು ವರ್ಷಗಳ ಹಿಂದೆ ಒಬ್ಬ ವಿಜ್ಞಾನಿ ಇದನ್ನೇ ಅಳತೆಗೋಲು ಮಾಡಿಕೊಂಡಿದ್ದರು. ರಬ್ಬರ್ ತುಂಡನ್ನು ಬಗ್ಗಿಸಿಟ್ಟು, ಬಿರುಕು ಎಷ್ಟು ಹೊತ್ತಿಗೆ ಬಂತು, ಎಷ್ಟು ಆಳ ಹೋಯಿತು ಅಂತ ನೋಡಿ ಗಾಳಿಯಲ್ಲಿ ಓಝೋನ್ ಎಷ್ಟಿದೆ ಅಂತ ಲೆಕ್ಕ ಹಾಕುತ್ತಿದ್ದರು. ಅವರ ಹೆಸರು ಆರಿ ಹಾಗನ್-ಸ್ಮಿಟ್. ಹುಟ್ಟಿದ್ದು 1900ರಲ್ಲಿ, ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ. ಕೆಲಸ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದಲ್ಲಿ. ಗಾಳಿಯ ವಿಜ್ಞಾನಿಯೇನಲ್ಲ. ಅನಾನಸ್‌ಗೆ ಆ ಘಮ ಎಲ್ಲಿಂದ ಬರುತ್ತದೆ ಅಂತ ಹುಡುಕುತ್ತಿದ್ದ ರಸಾಯನ ವಿಜ್ಞಾನಿ!

ಲಾಸ್ ಏಂಜಲೀಸ್‌ನಲ್ಲಿ 1943ರ ಜುಲೈನಲ್ಲಿ ಒಂದು ದಿನ ಊರಿಗೆ ಊರೇ ಮಬ್ಬಾಯಿತು. ಕಣ್ಣುರಿ, ಗಂಟಲುರಿ. ಯುದ್ಧದ ಕಾಲ ನೋಡಿ, ಶತ್ರುಗಳು ವಿಷಾನಿಲ ಬಿಟ್ಟಿದ್ದಾರೆ ಅಂತಲೇ ಕೆಲವರು ಹೆದರಿದರು. ಆಮೇಲೆ ಕೃತಕ ರಬ್ಬರ್‌ಗೆ ಬೇಕಾದ ರಾಸಾಯನಿಕ ಮಾಡುವ ಒಂದು ಕಾರ್ಖಾನೆ ಮೇಲೆ ಎಲ್ಲರ ಕಣ್ಣು ಬಿತ್ತು. ಅದನ್ನು ಮುಚ್ಚಿಸಿದರು. ಮಬ್ಬು ಹೋಗಲಿಲ್ಲ. ಗಂಧಕದ ಹೊಗೆಗೆ ಕಡಿವಾಣ ಹಾಕಿದರು. ಆಗಲೂ ಹೋಗಲಿಲ್ಲ. ಮನೆ ಹಿತ್ತಲಲ್ಲಿ ಕಸ ಸುಡುವುದೇ ಕಾರಣ ಅಂದರು ಕೆಲವರು. ಬೆಟ್ಟದಲ್ಲಿ ಸುರಂಗ ಕೊರೆದು ದೈತ್ಯ ಫ್ಯಾನ್ ಇಟ್ಟು ಕೆಟ್ಟ ಗಾಳಿಯನ್ನು ಆಚೆ ತಳ್ಳೋಣ ಅಂತ ಸಲಹೆ ಕೊಟ್ಟವರೂ ಇದ್ದರು. ನಗಬೇಡಿ. ಇವತ್ತು ರಸ್ತೆಯಲ್ಲಿ ನೀರು ಎರಚುವ ಗಾಡಿ ಓಡಿಸಿ ಗಾಳಿ ಶುದ್ಧವಾಯಿತು ಅಂತ ಫೋಟೋ ಹಾಕುವವರು ಅವರಿಗಿಂತ ಮುಂದೇನೂ ಹೋಗಿಲ್ಲ.

ತಪ್ಪು ಆಗಿದ್ದು ಎಲ್ಲಿ ಅಂದರೆ, ಎಲ್ಲರ ತಲೆಯಲ್ಲೂ ಲಂಡನ್ ಇತ್ತು. ಲಂಡನ್ನಿನದು ಕಲ್ಲಿದ್ದಲ ಹೊಗೆ, ಗಂಧಕ, ಚಳಿಗಾಲ, ಮಂಜು. ಲಾಸ್ ಏಂಜಲೀಸ್‌ನಲ್ಲಿ ಆಗುತ್ತಿದ್ದುದು ಸರಿಯಾಗಿ ಉಲ್ಟಾ. ಬಿಸಿಲು ಜಾಸ್ತಿ ಇದ್ದ ದಿನವೇ ಮಬ್ಬು ಜಾಸ್ತಿ. ಗಂಧಕದ ಹೊಗೆ ರಬ್ಬರನ್ನು ಹೀಗೆ ಸೀಳುವುದೂ ಇಲ್ಲ. ಆದರೆ ಆ ಊರಿನಲ್ಲಿ ಕಾರಿನ ಟಯರ್‌ಗಳು ಬೇರೆ ಕಡೆಗಿಂತ ಬೇಗ ಬಿರುಕು ಬಿಡುತ್ತಿದ್ದವು. ಸುಳಿವು ರಸ್ತೆಯಲ್ಲೇ ಉರುಳಾಡುತ್ತಿತ್ತು ಅಂತಾಯಿತು.

ಹಾಗನ್-ಸ್ಮಿಟ್ ಮಾಡಿದ್ದು ಇಷ್ಟೇ. ಅನಾನಸ್‌ನ ಆವಿಯನ್ನು ತಣಿಸಿ ಹನಿ ಮಾಡುವ ಉಪಕರಣ ಅವರ ಬಳಿ ಇತ್ತಲ್ಲ, ಅದರೊಳಗೆ ಊರಿನ ಗಾಳಿಯನ್ನು ಎಳೆದರು. ಕೊನೆಗೆ ಸಿಕ್ಕಿದ್ದು ಕಂದು ಬಣ್ಣದ, ಗಬ್ಬು ನಾತದ ಕೆಲವು ಹನಿ. ಜೀವನವಿಡೀ ಪರಿಮಳ ಮೂಸಿದ ಮೂಗು ಅದು. ಪೆಟ್ರೋಲ್ ಆವಿ ಯಾವುದರ ಜೊತೆಗೋ ಸೇರಿ ಬೇರೆ ಏನೋ ಆಗಿದೆ ಅಂತ ಅವರಿಗೆ ಅಂದಾಜಾಯಿತು. ಆಮೇಲೆ ಪೆಟ್ರೋಲ್ ಆವಿ ಮತ್ತು ಕಾರಿನ ಹೊಗೆಯಿಂದಾಗುವ ನೈಟ್ರೋಜನ್ ಡೈಆಕ್ಸೈಡ್ ಅನಿಲ ಎರಡನ್ನೂ ಸೇರಿಸಿ ಬೆಳಕಿಗೆ ಒಡ್ಡಿದರು. ಓಝೋನ್ ಹುಟ್ಟಿತು. ರಬ್ಬರ್ ಬಿರುಕು ಬಿಟ್ಟಿತು. ಹೊಲದ ಪಾಲಕ್ ಎಲೆಗೆ ಹೇಗೆ ಕಲೆ ಬೀಳುತ್ತಿತ್ತೋ ಹಾಗೇ ಪ್ರಯೋಗಾಲಯದ ಎಲೆಗೂ ಬಿತ್ತು.

ತೈಲ ಉದ್ಯಮದವರು ಒಪ್ಪಲಿಲ್ಲ. ಅವರ ದುಡ್ಡಲ್ಲಿ ಸಂಶೋಧನೆ ಮಾಡುತ್ತಿದ್ದ ಸಂಸ್ಥೆಯ ವಿಜ್ಞಾನಿಗಳು ಇವರದೇ ಕ್ಯಾಲ್‌ಟೆಕ್‌ಗೆ ಬಂದು ಭಾಷಣ ಮಾಡಿ, ಇವರ ಕೆಲಸವನ್ನು ಹಗುರ ಮಾಡಿ ಮಾತಾಡಿ ಹೋದರು. ಆ ಸಿಟ್ಟಿಗೇ ಮನುಷ್ಯ ಮತ್ತೆ ಇದರ ಬೆನ್ನು ಹತ್ತಿದ್ದು ಅನ್ನುತ್ತಾರೆ. ಒಳ್ಳೇ ಸಿಟ್ಟು ಬಿಡಿ.

ಎದುರಿನವರ ವಾದ ಮೇಲ್ನೋಟಕ್ಕೆ ಗಟ್ಟಿಯಾಗಿಯೇ ಕಾಣುತ್ತಿತ್ತು. ಕಾರಿನ ಸೈಲೆನ್ಸರ್‌ನಿಂದ ಓಝೋನ್ ಬರುವುದೇ ಇಲ್ಲ! ಹೌದು, ಬರುವುದಿಲ್ಲ. ಸೈಲೆನ್ಸರ್‌ನಿಂದ ಬರುವುದು ಸಾಮಾನು ಮಾತ್ರ, ಅಡುಗೆ ಆಗುವುದು ಗಾಳಿಯಲ್ಲಿ. ಒಲೆ ಸೂರ್ಯನದು. ಸುತ್ತ ಬೆಟ್ಟ ಇರುವ ಊರೇ ಪಾತ್ರೆ. ತಂಪು ಗಾಳಿಯ ಮೇಲೆ ಬೆಚ್ಚಗಿನ ಗಾಳಿ ಬಂದು ಕೂತರೆ ಅದೇ ಮುಚ್ಚಳ. ಬೆಳಗ್ಗೆ ಎಂಟಕ್ಕೆ ಬಿಟ್ಟ ಹೊಗೆ ಮಧ್ಯಾಹ್ನ ಎರಡಕ್ಕೆ, ಎಷ್ಟೋ ಮೈಲಿ ಆಚೆ, ಕಾರೇ ಇಲ್ಲದವನ ಕಣ್ಣು ಉರಿಸುತ್ತದೆ.

ನನಗೆ ಓಝೋನ್‌ಗಿಂತ ದೊಡ್ಡ ಸಂಗತಿ ಅನ್ನಿಸುವುದು ಏರೋಸಾಲ್‌ಗಳದು, ಅಂದರೆ ಗಾಳಿಯಲ್ಲಿ ತೇಲುವ ಕಣಗಳದು. ಕಣ ಅಂದ ತಕ್ಷಣ ನಾವು ಧೂಳು, ಮಸಿ ಅಂದುಕೊಳ್ಳುತ್ತೇವೆ. ಎಲ್ಲಿಂದಲೋ ಹಾರಿ ಬಂದದ್ದು ಅಂತ. ಆದರೆ ಹಲವು ನಗರಗಳ ಸಣ್ಣ ಕಣಗಳಲ್ಲಿ ದೊಡ್ಡ ಪಾಲು ಯಾವ ಕೊಳವೆಯಿಂದಲೂ ಕಣವಾಗಿ ಹೊರಬಂದದ್ದೇ ಅಲ್ಲ. ಅನಿಲವಾಗಿ ಬಂದು ಗಾಳಿಯಲ್ಲೇ ಕಣವಾದದ್ದು. ಪೆಟ್ರೋಲ್ ಆವಿಯ ಅಣುಗೆ ಆಕ್ಸಿಜನ್ ಮೆತ್ತುತ್ತಾ ಹೋದಂತೆ ಅದಕ್ಕೆ ಆವಿಯಾಗಿ ಇರಲು ಆಗುವುದಿಲ್ಲ. ಹತ್ತಿರದ ಯಾವುದೋ ಕಣದ ಮೇಲೆ ಹೋಗಿ ಅಂಟಿಕೊಳ್ಳುತ್ತದೆ. ಲಾಸ್ ಏಂಜಲೀಸ್‌ನ ಪೂರ್ವಕ್ಕೆ ಚಿನೋ ಅಂತ ಊರಿದೆ. ಅಲ್ಲಿ ದೊಡ್ಡ ದೊಡ್ಡ ಡೈರಿಗಳಿದ್ದವು. ದನದ ಗಂಜಲ, ಸಗಣಿಯಿಂದ ಏಳುವ ಅಮೋನಿಯಾ ಒಂದು ಕಡೆ, ನಗರದಿಂದ ತೇಲಿ ಬಂದ ವಾಹನಗಳ ನೈಟ್ರೋಜನ್ ಆಕ್ಸೈಡ್ ಇನ್ನೊಂದು ಕಡೆ. ಎರಡೂ ಸೇರಿ ಅಮೋನಿಯಂ ನೈಟ್ರೇಟ್ ಕಣ. ಅದನ್ನು ಉಸಿರಾಡಿದ್ದು ಇನ್ನೂ ಮುಂದಿನ ರಿವರ್‌ಸೈಡ್ ಊರಿನವರು. ಈಗ ಹೇಳಿ, ಯಾರಿಗೆ ದಂಡ ಹಾಕುತ್ತೀರಿ? ಕಾರಿಗೋ, ಹಸುವಿಗೋ?

ಈ ಕಣಗಳು ಒಂದು ಮೈಕ್ರಾನ್‌ಗಿಂತ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ, ಸಣ್ಣವೇ ಜಾಸ್ತಿ. ನಮ್ಮ ಕೂದಲು ಸುಮಾರು ಎಪ್ಪತ್ತು ಮೈಕ್ರಾನ್ ದಪ್ಪ. ದಪ್ಪ ಧೂಳು ತನ್ನ ಭಾರಕ್ಕೇ ಕೆಳಗೆ ಬೀಳುತ್ತದೆ. ತೀರಾ ಸಣ್ಣವು ಒಂದಕ್ಕೊಂದು ಅಂಟಿ ದೊಡ್ಡವಾಗುತ್ತವೆ. ಈ ನಡುವಿನವು ಇದಾವಲ್ಲ, ಇವು ಬೀಳುವುದೂ ಇಲ್ಲ, ಬೇಗ ಅಂಟುವುದೂ ಇಲ್ಲ. ಮಳೆ ತೊಳೆಯದಿದ್ದರೆ ವಾರಗಟ್ಟಲೆ ತೇಲಬಲ್ಲವು. ಗಾತ್ರ ಬೆಳಕಿನ ಅಲೆಯ ಉದ್ದಕ್ಕೆ ಹತ್ತಿರ ಇರುವುದರಿಂದ ಬೆಳಕನ್ನು ಚೆನ್ನಾಗಿ ಚದುರಿಸುತ್ತವೆ. ದೂರದ ಬೆಟ್ಟ ಮಾಯವಾಗುವುದು ಅದಕ್ಕೇ. ಶ್ವಾಸಕೋಶದ ತಳದವರೆಗೂ ಇಳಿಯುತ್ತವೆ.

ಕಪ್ಪು ಹೊಗೆ ಬಿಡುವ ಲಾರಿಯನ್ನು ಹಿಡಿಯಬೇಡಿ ಅಂತ ನಾನು ಹೇಳುತ್ತಿಲ್ಲ. ಮಸಿಯೂ ಕೆಟ್ಟದ್ದೇ. ಆದರೆ ನಮ್ಮ ಸಿಟ್ಟೆಲ್ಲ ಕಣ್ಣಿಗೆ ಕಾಣುವ ಹೊಗೆ ಮೇಲೆಯೇ ಖರ್ಚಾಗುತ್ತದೆ ಅಲ್ವಾ? ಅಧಿಕಾರಿಗಳಿಗೂ ಅದೇ ಅನುಕೂಲ. ಹಿಡಿದದ್ದು ತೋರಿಸಬಹುದು. ಕಾಣದ ಅನಿಲದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವುದು ಹೇಗೆ? ಒಂದನ್ನು ತಗ್ಗಿಸಿದರೆ ಎಲ್ಲವೂ ತಗ್ಗುತ್ತದೆ ಅನ್ನುವ ನಂಬಿಕೆಯೂ ಸುಳ್ಳು. ಲಾಸ್ ಏಂಜಲೀಸ್‌ನಲ್ಲಿ ಶನಿವಾರ, ಭಾನುವಾರ ಲಾರಿ ಓಡಾಟ ಕಡಿಮೆಯಾದಾಗ ಓಝೋನ್ ಏರುವುದನ್ನು ವಿಜ್ಞಾನಿಗಳು ಗಮನಿಸಿದ್ದಾರೆ. ಲಾರಿಯ ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡ್ ಹುಟ್ಟಿದ ಓಝೋನನ್ನು ತಿನ್ನುತ್ತದೆ. ಅದು ಕಡಿಮೆಯಾದರೆ ತಿನ್ನುವವರು ಕಡಿಮೆ. ಹಾಗಂತ ಲಾರಿ ಜಾಸ್ತಿ ಓಡಿಸಿ ಅಂತಲ್ಲ. ಯಾವುದನ್ನು ಎಷ್ಟು ಕಡಿಮೆ ಮಾಡಬೇಕು ಅಂತ ಮೊದಲು ಲೆಕ್ಕ ಮಾಡಿ ಅಂತ.

ಹಾಗನ್-ಸ್ಮಿಟ್ 1968ರಲ್ಲಿ ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿಯ ಮೊದಲ ಅಧ್ಯಕ್ಷರಾದರು. 1973ರಲ್ಲಿ ಗವರ್ನರ್ ರೇಗನ್ ಅವರನ್ನು ಆ ಸ್ಥಾನದಿಂದ ತೆಗೆದರು. ಅದೇ ವರ್ಷದ ರಾಷ್ಟ್ರೀಯ ವಿಜ್ಞಾನ ಪದಕ ಅವರಿಗೇ! 1975ರ ಮಾಡೆಲ್‌ನಿಂದ ಅಮೆರಿಕದ ಹೆಚ್ಚಿನ ಹೊಸ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಹೊಗೆಯಲ್ಲಿನ ಕೆಟ್ಟ ಅನಿಲಗಳನ್ನು ತಗ್ಗಿಸುವ ಸಾಧನ, ಬಂತು. ಕಾರಿನ ಹೊಗೆ ಎಷ್ಟು ಇಳಿಯಿತು ಅಂದರೆ ಬೇರೆ ಮೂಲಗಳು ಎದ್ದು ಕಾಣತೊಡಗಿದವು. 2018ರ ಒಂದು ಅಧ್ಯಯನದ ಪ್ರಕಾರ ಈಗ ಅಂಥ ಶ್ರೀಮಂತ ನಗರಗಳಲ್ಲಿ ಪೆಟ್ರೋಲಿಯಂ ಮೂಲದ ಆವಿಗಳಲ್ಲಿ ಸುಮಾರು ಅರ್ಧ ಬರುವುದು ಬಣ್ಣ, ಅಂಟು, ಸೆಂಟು, ನೆಲ ಒರೆಸುವ ದ್ರಾವಣ ಇಂಥವುಗಳಿಂದ. ಮತ್ತೆ ಪರಿಮಳದ ವಿಷಯಕ್ಕೇ ಬಂದೆವು ನೋಡಿ.

ಅಂದ ಹಾಗೆ, ಕಿಟಕಿಯ ಹೊರಗೆ ಎರಡು ಮೊಳೆಗಳ ನಡುವೆ ಒಂದು ಹೊಸ ರಬ್ಬರ್ ಬ್ಯಾಂಡ್ ಎಳೆದು ಕಟ್ಟಿದ್ದೇನೆ. ನೆರಳಿನಲ್ಲಿ. ಬಿಸಿಲು ಬಿದ್ದರೆ ಅದೂ ರಬ್ಬರನ್ನು ಕೆಡಿಸುತ್ತದೆ, ಆಮೇಲೆ ಯಾರ ಕೆಲಸ ಅಂತ ಗೊತ್ತಾಗುವುದಿಲ್ಲ. ಅದೇ ಪೊಟ್ಟಣದ ಇನ್ನೊಂದನ್ನು ಅಷ್ಟೇ ಎಳೆದು ಗಾಜಿನ ಬಾಟಲಿಯೊಳಗೆ ಹಾಕಿ ಮುಚ್ಚಳ ಬಿಗಿದಿದ್ದೇನೆ. ಇವತ್ತಿಗೆ ಆರನೇ ದಿನ. ಬಾಟಲಿಯದು ಹಾಗೇ ಇದೆ. ಹೊರಗಿನದರ ಅಂಚಿನಲ್ಲಿ, ಭೂತಗನ್ನಡಿ ಹಿಡಿದರೆ ಮಾತ್ರ, ಕೂದಲೆಳೆಯಂಥ ಮೂರು ಗೆರೆ ಕಾಣುತ್ತಿವೆ.